ವಿಜ್ಞಾನದ ಪೀರಿಯಡ್ಡಿಗೆ ಕಾಲೇಜು ವಿದ್ಯಾರ್ಥಿ: ಕಳಿಸುವ ಮುನ್ನ ಏನೇನು ಮಾಡಬೇಕು?

ಬಿಎಸ್ಸಿ, ಎಂಎಸ್ಸಿ ಓದುವವರನ್ನು ಸರ್ಕಾರಿ ಹೈಸ್ಕೂಲಿಗೆ ಕಳಿಸಿ ವಿಜ್ಞಾನದ ಮೇಷ್ಟ್ರಿಗೆ ನೆರವು ಕೊಡಿಸುವ ಯೋಚನೆ ಒಳ್ಳೆಯದೇ. ಆದರೆ ಎರಡನೇ ವಾರ ಹೋಗಿ ನೋಡಿ. ಕಾಲೇಜು ಹುಡುಗಿ ಒಬ್ಬಳೇ ಕ್ಲಾಸಿನ ಮುಂದೆ ನಿಂತು ಪಾಠ ಓದಿಸುತ್ತಿರುತ್ತಾಳೆ, ಮೇಷ್ಟ್ರು ಆಫೀಸಿನಲ್ಲಿ ಬಿಸಿಯೂಟದ ಲೆಕ್ಕ ಬರೆಯುತ್ತಿರುತ್ತಾರೆ. ಹೀಗಾಗಬಾರದು ಎಂದರೆ ಹೀಗೆ ಮಾಡಿ.

1. ಶಾಲೆ ಆರಿಸಿ. ಹಾಸನದಲ್ಲಿ ಓದುವವರಿಗೆ ಶಾಂತಿಗ್ರಾಮ, ದುದ್ದ, ಆಲೂರು ಹೀಗೆ ಒಂದೇ ಬಸ್ಸಿನಲ್ಲಿ ಹೋಗಿ ಬರುವ ಊರು ಸಾಕು. ಸಕಲೇಶಪುರದ ಒಳ ಹಳ್ಳಿಗಳು ಮಳೆಗಾಲ ಮುಗಿಯುವವರೆಗೆ ಬೇಡ. ಮಳೆಗೆ ರಜೆ ಕೊಟ್ಟ ಸುದ್ದಿ ಅರ್ಧ ದಾರಿಯಲ್ಲಿ ಸಿಗುತ್ತದೆ. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತ. ಹುಡುಗರ ಬಸ್ ಚಾರ್ಜ್ ಯಾರು ಕೊಡುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ.

2. ಅನುಮತಿ. ಕಾಲೇಜಿನ ಪ್ರಾಂಶುಪಾಲರ ಪತ್ರ, ಬಿಇಒ ಕಚೇರಿಯ ಒಪ್ಪಿಗೆ, ಮುಖ್ಯ ಶಿಕ್ಷಕರ ಸಹಿ.

3. ಮೇಷ್ಟ್ರು, ಕಾಲೇಜು ವಿದ್ಯಾರ್ಥಿ ಇಬ್ಬರೇ ಕೂರಲಿ. ಎಲ್ಲರೂ ಬಿಟ್ಟುಬಿಡುವ ಕೆಲಸ ಇದೇ. ಉದ್ಘಾಟನೆ ಮಾಡುತ್ತಾರೆ, ಹಾರ ಹಾಕುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಇವರಿಬ್ಬರು ಮಾತ್ರ ಪಠ್ಯಪುಸ್ತಕ ಮುಂದಿಟ್ಟುಕೊಂಡು ಒಂದು ಗಂಟೆ ಕೂರುವುದಿಲ್ಲ.

ಒಂದೇ ಒಂದು ಪಾಠ ಹಿಡಿಯಿರಿ. ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣದ ಪಾಠ ಎಂದಿಟ್ಟುಕೊಳ್ಳಿ. ಪೀರಿಯಡ್ 40 ನಿಮಿಷದ್ದಾದರೆ ಮೊದಲ 10 ನಿಮಿಷ ಮೇಷ್ಟ್ರದು. ಆಮೇಲೆ 20 ನಿಮಿಷ ಮಕ್ಕಳು ಗುಂಪಾಗಿ ಪ್ರಯೋಗ ಮಾಡುತ್ತಾರೆ, ವಿದ್ಯಾರ್ಥಿ ಗುಂಪಿನಿಂದ ಗುಂಪಿಗೆ ಓಡಾಡಬೇಕು. ಕೊನೆಯ 10 ನಿಮಿಷ ಮತ್ತೆ ಮೇಷ್ಟ್ರು ಬೋರ್ಡಿಗೆ. ಅಷ್ಟು ಹೊತ್ತೂ ಅವರು ಕ್ಲಾಸಿನಲ್ಲೇ ಇರಬೇಕು. ಗಲಾಟೆ ನಿಲ್ಲಿಸುವುದು, ಅಂಕ ಕೊಡುವುದು, ನೋಟ್ಸ್ ತಿದ್ದುವುದು ವಿದ್ಯಾರ್ಥಿಯ ಕೆಲಸ ಅಲ್ಲವೇ ಅಲ್ಲ. ಬಿಎಡ್ ಟ್ರೇನಿಗಳು ಪಾಠ ಮಾಡಲು ಬರುತ್ತಾರೆ, ಇವರು ಬರುವುದು ಅದಕ್ಕಲ್ಲ. ಮಕ್ಕಳು ಇವರನ್ನು ಸರ್, ಮಿಸ್ ಅನ್ನುವುದೂ ಬೇಡ. ಅಣ್ಣ, ಅಕ್ಕ ಅನ್ನಲಿ. ಮೇಷ್ಟ್ರ ಹತ್ತಿರ ಕೇಳಲು ಹೆದರುವ ಪ್ರಶ್ನೆ ಅಕ್ಕನ ಹತ್ತಿರ ಹೊರಗೆ ಬರುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ 'ಮುಂದಿನ ವಾರ ನೋಡ್ಕೊಂಡು ಬರ್ತೀನಿ' ಅಂದರೆ ಆಯಿತು.

ಆಮೇಲೆ ಪ್ರಯೋಗವನ್ನು ಅದೇ ಶಾಲೆಯಲ್ಲಿ, ಅಲ್ಲಿನ ನೀರಿನಲ್ಲೇ ಒಮ್ಮೆ ಮಾಡಿ ನೋಡಿ. ಕಾಲೇಜು ಲ್ಯಾಬಿನಲ್ಲಿ ಬಂದಿತ್ತು ಅನ್ನುವುದು ಲೆಕ್ಕಕ್ಕಿಲ್ಲ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಬಣ್ಣ ಬಿಡುತ್ತದೆ. ಆಮ್ಲವಾದ ನಿಂಬೆರಸ ಹಾಕಿದರೆ ಗಾಢ ಗುಲಾಬಿ, ಪ್ರತ್ಯಾಮ್ಲವಾದ ಸುಣ್ಣದ ತಿಳಿ ಹಾಕಿದರೆ ಹಸಿರು. ಎಸಳು ಕಮ್ಮಿಯಾದರೆ ಬಣ್ಣ ಗೊತ್ತೇ ಆಗುವುದಿಲ್ಲ. ಬಿಳಿ, ಹಳದಿ ದಾಸವಾಳ ನಡೆಯುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಾದರೆ ಏನೂ ಹಾಕುವ ಮೊದಲೇ ಬಣ್ಣ ತಿರುಗಿರಬಹುದು, ಆಗ ಮಳೆನೀರು ಹಿಡಿದಿಡಿ. ಹಿಂದಿನ ದಿನವೇ ಮಾಡಿಟ್ಟು ತರಬೇಡಿ, ಬೆಳಿಗ್ಗೆ ನೆನೆಸಿ. ದಾಸವಾಳ ಸಿಗದಿದ್ದರೆ ಅರಿಶಿನ ಬಳಿದ ಕಾಗದ ಇದೆ. ಸೋಪಿನ ನೀರಿಗೆ ಕೆಂಪಾಗುತ್ತದೆ, ನಿಂಬೆಗೆ ಮತ್ತೆ ಹಳದಿಯಾಗುತ್ತದೆ. ಇಷ್ಟಾದ ಮೇಲೆ 'ಕಾಫಿ ತೋಟಕ್ಕೆ ಸುಣ್ಣ ಯಾಕೆ ಹಾಕ್ತಾರೆ?' ಎಂದು ಕೇಳಿ. ಮಲೆನಾಡಿನ ಕಡೆಯ ಕ್ಲಾಸಾದರೆ ಮಣ್ಣಿನ ಹುಳಿ ಕಮ್ಮಿ ಮಾಡೋಕೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಉಳಿದ ಪಾಠ ಅಲ್ಲಿಂದ ಎತ್ತಿಕೊಳ್ಳಿ.

ಡಿಗ್ರಿಯವರು ಓದಿದ್ದು ಇಂಗ್ಲಿಷಿನಲ್ಲಿ. ಹಾಗಾಗಿ ಕನ್ನಡ ಪಠ್ಯಪುಸ್ತಕವನ್ನು ಒಮ್ಮೆ ಪೂರ್ತಿ ಓದಿಕೊಂಡೇ ಬರಬೇಕು. ಪರೀಕ್ಷೆ ಬರೆಯುವುದು ಅದೇ ಪದಗಳಲ್ಲಿ ಅಲ್ವಾ?

ಅಂಗಡಿಯ ರೆಡಿಮೇಡ್ ವಿಜ್ಞಾನ ಕಿಟ್ ಕೊಳ್ಳಬೇಡಿ. ನಾನು ನೋಡಿದವುಗಳಲ್ಲಿ ಅಯಸ್ಕಾಂತಕ್ಕೆ ಗುಂಡುಸೂಜಿ ಎತ್ತುವ ಶಕ್ತಿಯೂ ಇರಲಿಲ್ಲ. ತೇವ ಹಿಡಿದ ಹಳೇ ಲಿಟ್ಮಸ್ ಕಾಗದವೂ ಬೇಡ. ಬೀರುವಿನಲ್ಲಿ ಚೀಟಿ ಕಿತ್ತುಹೋದ ಬಾಟಲಿಗಳಿದ್ದರೆ ಮುಟ್ಟಲೇಬೇಡಿ, ಒಳಗೆ ಏನಿದೆಯೋ. ಫೋನಿನಲ್ಲಿ ವಿಡಿಯೊ ತೋರಿಸಿ ಮುಗಿಸುವವರೂ ಇದ್ದಾರೆ. ಅದಕ್ಕೆ ಹಾಸನದಿಂದ ಬಸ್ಸು ಹತ್ತಿ ಬರಬೇಕಾ?

4. ದಿನ ಗೊತ್ತು ಮಾಡಿ. ವಾರಕ್ಕೊಂದು ದಿನ, ಅದೇ ಪೀರಿಯಡ್. ಜಾಸ್ತಿ ಬೇಡ.

5. ಕ್ರೆಡಿಟ್, ಅಂದರೆ ಪದವಿಯ ಲೆಕ್ಕಕ್ಕೆ ಸೇರುವ ಅಂಕ, ಕೊಡಿಸಿ. ಬರೀ ಸರ್ಟಿಫಿಕೇಟಿನ ಆಸೆಗೆ ಬಂದವರು ಇಂಟರ್ನಲ್ಸ್ ಹತ್ತಿರವಾದ ಕೂಡಲೇ ಮಾಯ. ಬ್ರಿಟನ್ನಿನಲ್ಲಿ 2002ರಲ್ಲಿ ಶುರುವಾದ ಅಂಡರ್‌ಗ್ರಾಜುಯೇಟ್ ಅಂಬಾಸಡರ್ಸ್ ಸ್ಕೀಮ್‌ನಲ್ಲಿ ಶಾಲೆಯ ಕೆಲಸವೂ ಪದವಿಯ ಒಂದು ವಿಷಯ, ಅದಕ್ಕೆ ಕ್ರೆಡಿಟ್ ಉಂಟು. ನಮ್ಮಲ್ಲೂ ಪ್ರಾಜೆಕ್ಟ್ ಎಂದು ಲೆಕ್ಕ ಹಿಡಿಯಲು ಆಗುತ್ತದಾ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ. ರೆಕಾರ್ಡ್ ಪುಸ್ತಕದಲ್ಲಿ ಹಾಜರಿ ಜೊತೆಗೆ ಮಕ್ಕಳು ಕೇಳಿದ ಪ್ರಶ್ನೆಗಳನ್ನೂ ಬರೆಯಲಿ. ಸಹಿ ವಾರವಾರ ಮೇಷ್ಟ್ರೇ ಹಾಕಬೇಕು. ಕೊನೆಯಲ್ಲಿ ಒಟ್ಟಿಗೆ ಹಾಕಿಸಿಕೊಂಡ ಸಹಿಗೆ ಬೆಲೆ ಇಲ್ಲ.

ಜೂನ್ ಕೊನೆಗೆ ಶುರು ಮಾಡಿದರೆ ಡಿಸೆಂಬರ್‌ಗೆ ನಿಲ್ಲಿಸಿ. ಜನವರಿಯಿಂದ ಹತ್ತನೇ ತರಗತಿಯವರಿಗೆ ಎಸ್ಸೆಸ್ಸೆಲ್ಸಿ ರಿವಿಷನ್, ಆಗ ಯಾವ ಮೇಷ್ಟ್ರೂ ಪ್ರಯೋಗಕ್ಕೆ ಪೀರಿಯಡ್ ಬಿಡುವುದಿಲ್ಲ.