ದುಬೈ ಎಷ್ಟು ದೂರ? ನೂಲು ಹಿಡಿದು ನೋಡಿ

ಕುಂಬಳೆಯಲ್ಲಿ ನಮ್ಮ ನೆರೆಮನೆಯ ಅಕ್ಕ ಮಗನ ಟಿಕೆಟ್ ಹಿಡಿದುಕೊಂಡು ಬಂದರು. ಮಂಗಳೂರಿನಿಂದ ಬೆಳಿಗ್ಗೆ 9ಕ್ಕೆ ಹೊರಟ ವಿಮಾನ ದುಬೈ ತಲುಪುವುದು 11ಕ್ಕೆ. ಮರಳುವಾಗ ಅಲ್ಲಿ 9ಕ್ಕೆ ಹೊರಟರೆ ಇಲ್ಲಿ ಇಳಿಯುವುದು ಮಧ್ಯಾಹ್ನ 1.45ಕ್ಕೆ. “ಮಾಷ್ಟ್ರೇ, ಹೋಗಲು ಎರಡೇ ಗಂಟೆ, ಬರಲು ಐದು ಗಂಟೆಗೆ ಹತ್ತಿರ. ಬರುವಾಗ ಎಲ್ಲೆಲ್ಲಿ ಸುತ್ತಿಸಿಕೊಂಡು ಬರುತ್ತಾರೆ?”

ಮೊದಲು ದೂರ ತಿಳಿಯಬೇಕು. ಗೋಡೆಯ ನಕಾಶೆಯಲ್ಲಿ ಅಳೆಯಬೇಡಿ, ಉರುಟು ಭೂಮಿಯನ್ನು ಚಪ್ಪಟೆ ಮಾಡಿದ ಆ ಹಾಳೆ ಮೋಸ ಮಾಡುತ್ತದೆ. ಶಾಲೆಯ ಗ್ಲೋಬ್ ತನ್ನಿ. ಅಕ್ಕನ ಮನೆಯಲ್ಲಿ ಬೀಡಿ ಕಟ್ಟುವ ನೂಲು ಇತ್ತು, ಅದೇ ಸಾಕಾಯಿತು. ನೂಲನ್ನು ಭೂಮಧ್ಯರೇಖೆಗೆ ಒಂದು ಸುತ್ತು ಹಾಕಿ ಅಳೆದರೆ 94 ಸೆಂಟಿಮೀಟರ್. ನಿಜವಾದ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ 425 ಕಿಲೋಮೀಟರ್. ಇನ್ನು ಮಂಗಳೂರಿನಿಂದ ದುಬೈಗೆ ನೂಲನ್ನು ಬಿಗಿಯಾಗಿ ಎಳೆಯಿರಿ. 5.8 ಸೆಂಟಿಮೀಟರ್ ಬಂತು. ಗುಣಿಸಿದರೆ ಸುಮಾರು 2,460 ಕಿಲೋಮೀಟರ್.

ಇದೇ ನೂಲನ್ನು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಳೆದು ನೋಡಿ. ಅದು ಪೂರ್ವಕ್ಕೂ ಹೋಗದೆ ಪಶ್ಚಿಮಕ್ಕೂ ಹೋಗದೆ ನೇರ ಮೇಲಕ್ಕೆ ಏರಿ, ಚೀನಾ, ಸೈಬೀರಿಯಾ ದಾಟಿ, ಅಲಾಸ್ಕಾದ ಕಡೆಯಿಂದ ಇಳಿಯುತ್ತದೆ! ಉದ್ದ 33 ಸೆಂಟಿಮೀಟರ್, ಅಂದರೆ 14,000 ಕಿಲೋಮೀಟರ್. ಗಾಳಿ, ನಿರ್ಬಂಧಿತ ವಾಯುಪ್ರದೇಶ ನೋಡಿಕೊಂಡು ವಿಮಾನಗಳು ಈ ಗೆರೆ ಬಿಟ್ಟು ಹೋಗುವುದೂ ಉಂಟು.

ಮುಂದಿನ ಲೆಕ್ಕ ಸುಲಭ. ದೂರವನ್ನು 850ರಿಂದ ಭಾಗಿಸಿ. ಜೆಟ್ ವಿಮಾನದ ವೇಗ ಗಂಟೆಗೆ ಹೆಚ್ಚುಕಡಿಮೆ ಅಷ್ಟು. ಏರಲು, ಇಳಿಯಲು ಅರ್ಧ ಗಂಟೆ ಸೇರಿಸಿ. ದುಬೈಗೆ ಮೂರೂವರೆ ಗಂಟೆಗೆ ಹತ್ತಿರ. ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಬರುವಾಗ ಹಿಂದಿನಿಂದ ನೂಕಿದಂತಾಗಿ ಕಾಲು ಗಂಟೆ ಉಳಿಯಬಹುದು. ಅಕ್ಕನ ಸಂಶಯಕ್ಕೆ ನೇರ ಉಲ್ಟಾ!

ಹಾಗಾದರೆ ಟಿಕೆಟ್? ಅದರಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ನಮ್ಮ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ದುಬೈಯದು ನಾಲ್ಕು ಗಂಟೆ ಮುಂದೆ. ಒಂದೂವರೆ ಗಂಟೆಯ ವ್ಯತ್ಯಾಸ. ಅಲ್ಲಿಯ 11 ನಮ್ಮ 12.30, 9ರಿಂದ ಎಣಿಸಿ, ಮೂರೂವರೆ ಗಂಟೆ. ಬರುವಾಗ ಅಲ್ಲಿಯ 9 ನಮ್ಮ 10.30; ಅಲ್ಲಿಂದ 1.45ಕ್ಕೆ ಮೂರೂಕಾಲು. ಅಮೆರಿಕದ ಲೆಕ್ಕಕ್ಕೆ ಮಾತ್ರ ತಿಂಗಳು ಕೇಳಿಕೊಳ್ಳಿ: ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಟಿಕೆಟಿನಲ್ಲಿ ಸಮಯದ ಪಕ್ಕ +1 ಎಂದಿದ್ದರೆ ಇಳಿಯುವುದು ಮರುದಿನ.

ನೂಲಿಗೆ ಸಿಗದ ದೂರ ಒಂದಿದೆ, ಮನೆಯಿಂದ ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜಪೆಗೆ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ತಲಪಾಡಿ, ಮಂಗಳೂರು ದಾಟಿ ಹೋಗಬೇಕಲ್ಲ, ಅಕ್ಕ ಬೆಳಗಿನ ಜಾವ 4ಕ್ಕೇ ಕಾರು ಹೇಳಿದ್ದಾರೆ.