ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ‘ಆಟಮ್ ಲೀವ್ಸ್’ ಕೇಳಿದ್ದು

ಒಂದೇ ಹಾಡನ್ನು ಬೇರೆ ಬೇರೆಯವರು ಹಾಡಿದ, ನುಡಿಸಿದ ಕವರ್ ಹಾಡುಗಳಲ್ಲಿ ಯಾವುದು ಹೆಚ್ಚು ದುಃಖ ಮುಟ್ಟಿಸುತ್ತದೆ ಅಂತ ಹೋಲಿಸೋಕೆ ಶ್ರುತಿ ಪೆಟ್ಟಿಗೆ (ತಂಬೂರಿಯ ನಾದ ಕೊಡುವ ಪೆಟ್ಟಿಗೆ) ಬೇಕು ಅಂದಾಗ ಒಟ್ಟಿಗೆ ಹಾಡು ಕೇಳುವ ನಮ್ಮ ಗುಂಪಿನವರು ನಕ್ಕಿದ್ದರು. ‘ಜಾಝ್‌ಗೆ ತಂಬೂರಿನಾ? ಮುಂದಿನ ಸಲ ಮೃದಂಗನೂ ತಗೊಂಡು ಬಾ’ ಅಂದವರೂ ಇದ್ದಾರೆ. ಅವರಲ್ಲೇ ಇಬ್ಬರು ಮೊನ್ನೆ ನನ್ನ ಫೈಲುಗಳನ್ನು ಪೆನ್ ಡ್ರೈವ್‌ಗೆ ಹಾಕಿಸಿಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಹಾಡು ‘ಆಟಮ್ ಲೀವ್ಸ್’. ಜೋಸೆಫ್ ಕೋಸ್ಮಾ ಅವರ ಟ್ಯೂನ್, ಜಾಕ್ ಪ್ರೆವೆರ್ ಅವರ ಫ್ರೆಂಚ್ ಸಾಹಿತ್ಯ. 1946ರ ಒಂದು ಫ್ರೆಂಚ್ ಸಿನಿಮಾದಲ್ಲಿ ಬಂತು. ಆಮೇಲೆ ಜಾನಿ ಮರ್ಸರ್ ಇಂಗ್ಲಿಷಿನಲ್ಲಿ ಬರೆದರು. ಕವರ್‌ಗಳಿಗಂತೂ ಲೆಕ್ಕವೇ ಇಲ್ಲ. ಸ್ವರ ಹಾಕಿ ನೋಡಿದರೆ ತುಂಬಾ ಸರಳ: ಸರಿಗ ದಾ, ನಿಸರಿ ಪಾ, ದನಿಸ ಮಾ, ಪದನಿ ಗಾ. ಪ್ರತಿ ಸಾಲೂ ಮೂರು ಸ್ವರ ಹತ್ತಿ, ಒಂದು ಸ್ವರದ ಮೇಲೆ ನಿಲ್ಲುತ್ತದೆ. ಆ ನಿಲ್ಲುವ ಸ್ವರ ಮಾತ್ರ ಸಾಲಿನಿಂದ ಸಾಲಿಗೆ ಒಂದೊಂದು ಮೆಟ್ಟಿಲು ಇಳಿಯುತ್ತದೆ. ಮೊದಲ ಮೂರು ಸಾಲು ನಟಭೈರವಿ ರಾಗದ ಸ್ವರಗಳು. ನಾಲ್ಕನೆಯದರಲ್ಲಿ ದ, ನಿ ಎರಡೂ ಅರ್ಧ ಸ್ವರ ಏರಿ ಗೌರಿಮನೋಹರಿ ರಾಗದ ಕಡೆ ಹೊರಳುತ್ತವೆ. ಹೋಲಿಸೋಕೆ ಈ ನಾಲ್ಕು ಸಾಲು ಸಾಕು. ಪೂರ್ತಿ ಹಾಡು ಕೇಳಿಸಿದರೆ ಯಾರಿಗೂ ಮೊದಲನೆಯದು ನೆನಪಿರುವುದಿಲ್ಲ.

ಒಬ್ಬೊಬ್ಬರು ಹಾಡಿದ್ದು ಒಂದೊಂದು ಶ್ರುತಿಯಲ್ಲಿ, ಅದಕ್ಕೆ ಶುರುವಿನಲ್ಲಿ ಎಲ್ಲ ಕವರ್‌ಗಳನ್ನೂ ಒಂದೇ ಶ್ರುತಿಗೆ ತರೋಕೆ ಹೋದೆ. ಅಡಾಸಿಟಿ ಅನ್ನೋ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಪಿಚ್ (ಶ್ರುತಿ) ಬದಲಿಸಿದೆ. ವಾದ್ಯ ಹೇಗೋ ತಡೆದುಕೊಳ್ಳುತ್ತದೆ, ಗಂಟಲು ತಡೆಯುವುದಿಲ್ಲ. ಎರಡು ಸೆಮಿಟೋನ್ (ಅರ್ಧ ಸ್ವರ) ದಾಟಿದರೆ ಗಾಯಕ ನ್ಯಾಟ್ ಕಿಂಗ್ ಕೋಲ್ ಕಾರ್ಟೂನ್ ಥರ ಕೇಳಿಸುತ್ತಾರೆ. ದುಡ್ಡು ಕೊಟ್ಟರೆ ಸರಿಹೋಗಬಹುದು ಅಂತ ಒಂದು ಸಾಫ್ಟ್‌ವೇರಿಗೆ ವರ್ಷದ ಚಂದಾ ಕಟ್ಟಿದೆ, ಹತ್ತಿರ ಹತ್ತಿರ ಆರು ಸಾವಿರ. ಸ್ವಲ್ಪ ಮೇಲು, ಅಷ್ಟೇ. ಮೂಲ ಎಲ್‌ಪಿ ಸಿಕ್ಕಿದರೆ ಒಳ್ಳೆಯದು ಅಂತ ಎರಡೂವರೆ ಸಾವಿರ ಕೊಟ್ಟು ಒಂದು ತರಿಸಿದೆ. ಅದು ಹಪ್ಪಳದ ಹಾಗೆ ಸೊಟ್ಟಗಾಗಿ ಬಂತು, ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಲಾಭ ಆಗಿದ್ದು ಸೆಕೆಂಡ್ ಹ್ಯಾಂಡ್ ಹೆಡ್‌ಫೋನ್ ಒಂದರಲ್ಲೇ. ಸುಮಾರು ಎಂಟು ಸಾವಿರ, ಇವತ್ತಿಗೂ ಗಟ್ಟಿಮುಟ್ಟಾಗಿದೆ.

ಆಮೇಲೆ ಹೊಳೆಯಿತು: ಹಾಡನ್ನು ಯಾಕೆ ಎಳೆದಾಡಬೇಕು, ಕೇಳುವವರ ಕಿವಿಯನ್ನೇ ಆ ಶ್ರುತಿಗೆ ಕೂರಿಸಿದರಾಯಿತಲ್ವಾ? ಪ್ರತಿ ತುಣುಕಿಗೂ ಮುಂಚೆ ಹತ್ತು ಹದಿನೈದು ಸೆಕೆಂಡ್ ಅದರದೇ ಆಧಾರ ಷಡ್ಜದಲ್ಲಿ ತಂಬೂರಿ ಬಿಟ್ಟೆ. ಹಿಂದಿನ ತುಣುಕಿನ ಶ್ರುತಿ ಕಿವಿಯಿಂದ ಅಳಿಸಿದ ಹಾಗಾಗುತ್ತದೆ. ಹಳೆಯ ರೆಕಾರ್ಡಿಂಗ್‌ಗಳು ಎಷ್ಟೋ ಸಲ ಈಗಿನ ಶ್ರುತಿಗೆ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಫೈನ್ ಟ್ಯೂನ್ ಇರುವ ಪೆಟ್ಟಿಗೆಯೇ ಬೇಕು. ಹಾಡು ಶುರುವಾಗುವ ಮೊದಲು ತಂಬೂರಿ ನಿಲ್ಲಿಸಲೇಬೇಕು. ಇಲ್ಲದಿದ್ದರೆ ಹಾಡಿನ ಹಿಂದಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, chord) ಬದಲಾದ ಕಡೆಯೆಲ್ಲ ಕಿತ್ತಾಡುತ್ತದೆ. ಆ ನಡುವಿನ ಮೌನ ಎಷ್ಟಿರಬೇಕು ಅನ್ನೋದನ್ನ ಇಲ್ಲಿ ಹೇಳಲ್ಲ. ಅದಕ್ಕೆ ನಾನು ತುಂಬಾ ನಿದ್ದೆಗೆಟ್ಟಿದ್ದೇನೆ.

ಉಳಿದದ್ದು ಮಾಮೂಲಿ. ಎಲ್ಲವನ್ನೂ ಮೊನೊ (ಎಡ-ಬಲ ಸೇರಿಸಿ ಒಂದೇ ಚಾನೆಲ್) ಮಾಡಿ, ಎಲ್ಲವೂ ಒಂದೇ ಜೋರಿಗೆ ಕೇಳಿಸಲಿ ಅಂತ ಲೌಡ್‌ನೆಸ್ ಮೈನಸ್ 18 LUFS (ಜೋರು ಅಳೆಯುವ ಮಾನ) ಆಸುಪಾಸಿಗೆ ತಂದೆ. ಫೈಲಿಗೆ ಹೆಸರಿಲ್ಲ, ಬರೀ ನಂಬರ್. ಲೌಡ್‌ನೆಸ್ ಸರಿಮಾಡದೆ ಕೇಳಿಸಿದಾಗ ಎಲ್ಲರೂ ಜೋರಾಗಿದ್ದ ಹೊಸ ಕವರನ್ನೇ ಮೆಚ್ಚುತ್ತಿದ್ದರು. ಸರಿಮಾಡಿದ ಮೇಲೆ ಆ ಮೆಚ್ಚುಗೆ ಅರ್ಧಕ್ಕರ್ಧ ಕರಗಿತು.

ನನಗೆ ಗೊತ್ತಾಗಿದ್ದು ಇಷ್ಟು. ನಿಧಾನಕ್ಕೂ ದುಃಖಕ್ಕೂ ಸಂಬಂಧ ಕಡಿಮೆ. ಆ ನಿಲ್ಲುವ ಸ್ವರಕ್ಕೆ ಹೇಗೆ ಬರುತ್ತಾರೆ, ಹೇಗೆ ಬಿಡುತ್ತಾರೆ, ಎಲ್ಲ ಇರೋದು ಅಲ್ಲೇ. ಕೋಲ್ ಪ್ರತಿ ಸ್ವರವನ್ನೂ ನುಣ್ಣಗೆ ತುಂಬಿಸಿ ಹಿಡಿಯುತ್ತಾರೆ, ಹಿಂದೆ ವಯಲಿನ್‌ಗಳು. ಚೆಂದ ಇದೆ, ನೋವು ಕಮ್ಮಿ. 1958ರ ಕ್ಯಾನನ್‌ಬಾಲ್ ಆಡರ್ಲಿ (ಜಾಝ್ ಸ್ಯಾಕ್ಸೊಫೋನ್ ವಾದಕ) ಆಲ್ಬಮ್ಮಿನಲ್ಲಿ ಮೈಲ್ಸ್ ಡೇವಿಸ್ ಮ್ಯೂಟ್ (ದನಿ ತಗ್ಗಿಸುವ ಮುಚ್ಚಳ) ಹಾಕಿದ ಟ್ರಂಪೆಟ್‌ನಲ್ಲಿ ಇದೇ ಸಾಲುಗಳನ್ನು ನುಡಿಸುತ್ತಾರೆ. ಸ್ವರ ಮುಟ್ಟಿ ಬೇಗ ಕೈಬಿಡುತ್ತಾರೆ, ಖಾಲಿ ಜಾಗ ಜಾಸ್ತಿ. ಹೆಸರು ಗೊತ್ತಿಲ್ಲದೆ ಕೇಳಿದವರಲ್ಲಿ ಹೆಚ್ಚಿನವರು ‘ಇದು ಯಾರನ್ನೋ ಕಳಕೊಂಡವರ ಹಾಡು’ ಅಂದಿದ್ದು ಇದಕ್ಕೇ. ಒಂದು ಮಾತೂ ಇಲ್ಲದ ತುಣುಕಿಗೆ! ಅಮೆರಿಕದ ಗಾಯಕಿ ಈವಾ ಕ್ಯಾಸಿಡಿ 1996ರಲ್ಲಿ ವಾಷಿಂಗ್ಟನ್ನಿನ ಬ್ಲೂಸ್ ಆಲಿ ಕ್ಲಬ್ಬಿನಲ್ಲಿ ಹಾಡಿದ್ದು ಅದರ ಪಕ್ಕದಲ್ಲೇ ನಿಂತಿತು. ಆಕೆ ತೀರಿಕೊಂಡಿದ್ದೂ ಅದೇ ವರ್ಷ. ಅದು ಗೊತ್ತಿದ್ದು ಕೇಳಿದರೆ ನಮ್ಮ ಮನಸ್ಸೇ ನಮಗೆ ಮೋಸ ಮಾಡುತ್ತದೆ, ನಂಬರ್ ಹಾಕಿ ಕೇಳಿಸುವುದು ಅದಕ್ಕೇ. ರೋಜರ್ ವಿಲಿಯಮ್ಸ್ ಪಿಯಾನೊ 1955ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು. ನಮ್ಮ ಕೋಣೆಯಲ್ಲಿ ಮಾತ್ರ ಕೊನೆಯ ಸ್ಥಾನ. ಎಲೆ ಉದುರುವ ಹಾಗೆ ಸ್ವರಗಳನ್ನು ಸುರಿಸುವ ಗಡಿಬಿಡಿಯಲ್ಲಿ ನಿಲ್ಲುವ ಸ್ವರಕ್ಕೆ ನಿಲ್ಲಲು ಪುರುಸೊತ್ತೇ ಇಲ್ಲ.

ಸುಮ್ನೆ ಇರಲಾರದೆ ಇನ್ನೊಂದು ಪ್ರಯೋಗ ಮಾಡಿದೆ. ಕ್ಯಾಸಿಡಿ ತುಣುಕನ್ನು ವೇಗ ಹೆಚ್ಚಿಸಿ ಕೇಳಿಸಿದೆ, ಆಗಲೂ ಅಳು ಬರುವ ಹಾಗೇ ಇತ್ತು. ಪಿಯಾನೊ ವಾದಕ ಬಿಲ್ ಎವನ್ಸ್ ಅವರ 1959ರ ಟ್ರಿಯೊ (ಮೂವರ ತಂಡ) ರೆಕಾರ್ಡಿಂಗನ್ನು ನಿಧಾನ ಮಾಡಿದೆ, ಬರೀ ತೂಕಡಿಸಿತು. ವೀಣೆ ನುಡಿಸುವ ನಮ್ಮಕ್ಕನ ಕೈಲಿ ಆ ನಾಲ್ಕು ಸಾಲು ನುಡಿಸಿಸಿದೆ. ದಾ ಮೇಲೆ ಗಮಕ ಹಾಕಿದ ಕೂಡಲೇ ಫ್ರಾನ್ಸ್ ಮಾಯ, ಮನೆಯ ದೇವರಕೋಣೆ ಬಂತು. ‘ಗಮಕ ಬೇಡ ಕಣೇ’ ಅಂದೆ. ‘ಹಾಗಿದ್ರೆ ನೀನೇ ನುಡಿಸ್ಕೋ’ ಅಂದಳು. ಕೊನೆಗೆ ಚಹಾ ಕುಡಿದ ಮೇಲೆ ನೇರವಾಗಿ ಮೀಟಿಕೊಟ್ಟಳು, ಆ ಫೈಲು ಪಟ್ಟಿಯಲ್ಲಿ ಮೂರನೆಯದಾಗಿ ಬಂತು.

ಇನ್ನೂ ಬಗೆಹರಿಯದ್ದು ಫ್ರೆಂಚ್ ಗಾಯಕ, ನಟ ಈವ್ ಮೊಂತಾ. 1946ರ ಆ ಸಿನಿಮಾದಿಂದಲೂ ಅವರಿಗೆ ಈ ಹಾಡಿನ ನಂಟು. ಅವರ ಫ್ರೆಂಚ್ ಹಾಡಿನಲ್ಲಿ ಈ ನಾಲ್ಕು ಸಾಲಿಗೆ ಮುಂಚೆ ಮಾತಾಡಿದ ಹಾಗಿರುವ ಉದ್ದನೆಯ ಪೀಠಿಕೆ ಇದೆ, ಇಂಗ್ಲಿಷ್ ಕವರ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಪೀಠಿಕೆ ಕತ್ತರಿಸಿ ಕೇಳಿಸಿದರೆ ಮೊಂತಾ ಮಧ್ಯದಲ್ಲೆಲ್ಲೋ ಬೀಳುತ್ತಾರೆ. ಸೇರಿಸಿ ಕೇಳಿಸಿದರೆ ಎಲ್ಲರಿಗಿಂತ ಮೇಲೆ. ಸದ್ಯಕ್ಕೆ ಎರಡು ಬೇರೆ ಬೇರೆ ನಂಬರ್ ಕೊಟ್ಟು ಎರಡನ್ನೂ ಇಟ್ಟುಕೊಂಡಿದ್ದೇನೆ.