ಜುಮ್ಮೆನ್ನುವುದೆಲ್ಲ ಕುಂಡಲಿನಿಯಲ್ಲ: ಆರು ಅಕ್ಷರಗಳ ಅಭ್ಯಾಸಕ್ರಮ

ಕುಂಡಲಿನಿ, ಅಂದರೆ ಬೆನ್ನುಹುರಿಯ ಬುಡದಲ್ಲಿ ಮಲಗಿದೆ ಎನ್ನುವ ಶಕ್ತಿಯನ್ನು ಎಬ್ಬಿಸುವ ಅಭ್ಯಾಸಕ್ಕೆ ಕೂತವರು ಮೊದಲ ವಾರದಲ್ಲೇ ಹೇಳುವ ಮಾತೊಂದಿದೆ: ‘ಬೆನ್ನಲ್ಲಿ ಏನೋ ಹರಿದ ಹಾಗಾಯ್ತು, ಬೆರಳ ತುದಿ ಜುಮ್ಮೆಂದಿತು.’ ನನಗೂ ಹಾಗೆ ಆಗಿದೆ. ಅದರಲ್ಲಿ ಬಹುಪಾಲು ಉಸಿರಿನ ಲೆಕ್ಕ ತಪ್ಪಿದ್ದರ ಫಲ. ತಿದಿಯೊತ್ತಿದಂತೆ ಜೋರಾಗಿ ಉಸಿರಾಡುವ ಭಸ್ತ್ರಿಕಾವನ್ನು ಹದ ಮೀರಿ ಮಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ. ತಲೆ ಹಗುರವಾಗುತ್ತದೆ, ತುಟಿಯ ಸುತ್ತ ಇರುವೆ ಹರಿದಂತಾಗುತ್ತದೆ, ಇನ್ನೂ ಮುಂದುವರಿದರೆ ಬೆರಳುಗಳು ಸೆಟೆದುಕೊಳ್ಳುತ್ತವೆ. ಸಹಜವಾಗಿ ಉಸಿರಾಡುತ್ತ ಕೆಲವು ನಿಮಿಷ ಕೂತರೆ ಎಲ್ಲ ಇಳಿದುಹೋಗುತ್ತದೆ. ಇದನ್ನೇ ‘ಜಾಗೃತಿ’ ಎಂದುಕೊಂಡವರು ಮರುದಿನ ಇನ್ನಷ್ಟು ಜೋರಾಗಿ ಉಸಿರು ತಳ್ಳುತ್ತಾರೆ. ದಾರಿ ತಪ್ಪುವುದು ಅಲ್ಲೇ.

ನಾನು ಇಟ್ಟುಕೊಂಡಿರುವ ಕ್ರಮ ಹಠಯೋಗ ಪ್ರದೀಪಿಕೆ ಎಂಬ ಹಳೆಯ ಯೋಗಗ್ರಂಥದ ಪ್ರಾಣಾಯಾಮ, ಬಂಧಗಳನ್ನು (ಸ್ನಾಯು ಬಿಗಿದು ಹಿಡಿಯುವ ಕ್ರಿಯೆಗಳನ್ನು) ನಮ್ಮ ಶಿವಯೋಗದ ಷಡಕ್ಷರಿ ಧ್ಯಾನಕ್ಕೆ, ಅಂದರೆ ‘ಓಂ ನಮಶಿವಾಯ’ದ ಆರು ಅಕ್ಷರಗಳ ಧ್ಯಾನಕ್ಕೆ, ಜೋಡಿಸಿದ್ದು. ಒಟ್ಟು 55 ನಿಮಿಷ, ಬೆಳಗಿನ ಜಾವ, ಖಾಲಿ ಹೊಟ್ಟೆಯಲ್ಲಿ. ರಕ್ತದೊತ್ತಡ, ಹೃದ್ರೋಗ, ಅಪಸ್ಮಾರ, ಗ್ಲಾಕೋಮಾ, ಹರ್ನಿಯಾ ಇರುವವರು, ಗರ್ಭಿಣಿಯರು, ಈಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಇದರಲ್ಲಿನ ಭಸ್ತ್ರಿಕಾ, ಕುಂಭಕ (ಉಸಿರು ಹಿಡಿದು ನಿಲ್ಲಿಸುವುದು), ಉಡ್ಡಿಯಾನ (ಹೊಟ್ಟೆಯನ್ನು ಒಳಕ್ಕೂ ಮೇಲಕ್ಕೂ ಸೆಳೆಯುವ ಬಂಧ) ಇವನ್ನು ಮುಟ್ಟಬಾರದು. ಹಿಂದೆ ಮನೋವಿಕಾರಕ್ಕೆ ಚಿಕಿತ್ಸೆ ಪಡೆದವರು ವೈದ್ಯರನ್ನು ಕೇಳದೆ ಶುರುಮಾಡಲೇಬಾರದು.

ಮೊದಲು ಕೂರುವುದು. ಕಂಬಳಿಯನ್ನು ಮಡಿಸಿ ಮೂರು-ನಾಲ್ಕು ಅಂಗುಲ ಎತ್ತರ ಮಾಡಿಕೊಂಡು ಅದರ ಅಂಚಿನ ಮೇಲೆ ಕೂರುತ್ತೇನೆ, ಮಂಡಿ ಸೊಂಟಕ್ಕಿಂತ ಕೆಳಗಿರಬೇಕು. ಸಿದ್ಧಾಸನದಲ್ಲಿ ಎಡ ಹಿಮ್ಮಡಿ ಗುದ ಮತ್ತು ಜನನೇಂದ್ರಿಯದ ನಡುವಿನ ಸೀವನಿಗೆ ತಾಗಬೇಕು. ಭಾರವೆಲ್ಲ ಹಿಮ್ಮಡಿಯ ಮೇಲೇ ಬೀಳಬಾರದು. ಕಾಲು ಜೋಮು ಹಿಡಿದರೆ ಸಹಿಸಿಕೊಂಡು ಕೂರುವುದರಲ್ಲಿ ಯಾವ ಸಾಧನೆಯೂ ಇಲ್ಲ. ನರ ಒತ್ತಿದೆ ಎಂದಷ್ಟೇ ಅರ್ಥ. ಇನ್ನೊಂದು ಮಡಿಕೆ ಏರಿಸಿ, ಇಲ್ಲವೇ ಕಾಲು ಬದಲಿಸಿ.

ನಾಡೀಶೋಧನಕ್ಕೆ 12 ನಿಮಿಷ. ಬಲಗೈಯ ತೋರುಬೆರಳು, ನಡುಬೆರಳು ಮಡಿಸಿ, ಹೆಬ್ಬೆರಳಿಂದ ಬಲ ಹೊಳ್ಳೆ, ಉಂಗುರಬೆರಳಿಂದ ಎಡ ಹೊಳ್ಳೆ ಮುಚ್ಚುವುದು. ಎಡದಿಂದ ಎಳೆದು ಬಲದಿಂದ ಬಿಟ್ಟು, ಬಲದಿಂದ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಸುತ್ತುಗಳ ಲೆಕ್ಕ ಎಡಗೈಯ ಬೆರಳಿನ ಗೆಣ್ಣುಗಳ ಮೇಲೆ. ಮೊದಲ ಆರು ವಾರ ಪೂರಕ (ಉಸಿರು ಎಳೆಯುವುದು) 4 ಎಣಿಕೆ, ರೇಚಕ (ಬಿಡುವುದು) 8, ಕುಂಭಕ ಇಲ್ಲ. ಆಮೇಲೆ ಪೂರಕ, ಕುಂಭಕ, ರೇಚಕ ಕ್ರಮವಾಗಿ 4:4:8, ಮತ್ತೆರಡು ತಿಂಗಳು ಕಳೆದ ಮೇಲೆ 4:8:8. ಸಂಪ್ರದಾಯ ಹೇಳುವ 1:4:2ಕ್ಕೆ ಆತುರ ಬೇಡ. ಮುಂದಿನ ಹೆಜ್ಜೆಗೆ ಸಿದ್ಧವೋ ಇಲ್ಲವೋ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು: ರೇಚಕ ಮುಗಿದ ಮೇಲಿನ ಪೂರಕ ತಾನೇ ನಿಧಾನವಾಗಿ ಬರಬೇಕು. ಉಸಿರು ಗಬಕ್ಕನೆ ಒಳನುಗ್ಗಿದರೆ ಎಣಿಕೆ ಹೆಚ್ಚಾಗಿದೆ. ಸಿಂಹ, ಆನೆ, ಹುಲಿಯನ್ನು ಪಳಗಿಸುವಂತೆ ಮೆಲ್ಲಮೆಲ್ಲನೆ ಪ್ರಾಣವನ್ನು ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಪ್ರದೀಪಿಕೆಯ ಎರಡನೇ ಅಧ್ಯಾಯ ಹೇಳುತ್ತದೆ. ಅಪಾಭ್ಯಾಸದಿಂದ ಬರುವುದನ್ನೂ ಅಲ್ಲೇ ಪಟ್ಟಿಮಾಡಿದೆ: ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆನೋವು, ಕಿವಿನೋವು, ಕಣ್ಣುನೋವು. ಇವುಗಳಲ್ಲಿ ಒಂದು ಕಾಣಿಸಿಕೊಂಡರೂ ಹಿಂದಿನ ಎಣಿಕೆಗೆ ಮರಳುತ್ತೇನೆ.

ಬಂಧಗಳ ವಿಷಯದಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಮೂಲಬಂಧ ಎಂದರೆ ಗುದವನ್ನು ಬಿಗಿಹಿಡಿಯುವುದು ಎಂದುಕೊಂಡವರೇ ಹೆಚ್ಚು. ಅದು ಅಶ್ವಿನೀ ಮುದ್ರೆ. ಮೂಲಬಂಧದ ಜಾಗ ಅದಕ್ಕಿಂತ ಮುಂದೆ, ಸೀವನಿಯಲ್ಲಿ. ಕಲಿಯಲು ಸುಲಭ ದಾರಿ: ಮೊದಲು ಹಿಂದಿನ ಸ್ನಾಯುವನ್ನಷ್ಟೇ ಬಿಗಿದು ಬಿಡಿ, ಆಮೇಲೆ ಮೂತ್ರ ತಡೆಯುವಂತೆ ಮುಂದಿನದನ್ನಷ್ಟೇ ಬಿಗಿದು ಬಿಡಿ, ಕೊನೆಗೆ ಎರಡನ್ನೂ ಸಡಿಲವಾಗಿಟ್ಟು ನಡುವಿನದನ್ನು ಮೇಲಕ್ಕೆ ಸೆಳೆಯಿರಿ. ಪೃಷ್ಠ, ತೊಡೆ, ದವಡೆ ಮೂರೂ ಸಡಿಲವಿರಬೇಕು. ಹಲ್ಲು ಕಚ್ಚಿಕೊಂಡಿದ್ದರೆ ಬಂಧ ತಪ್ಪಿದೆ ಎಂದೇ ಲೆಕ್ಕ. ಬಲ ಪೂರ್ತಿ ಹಾಕಬಾರದು, ಮೂರರಲ್ಲಿ ಒಂದು ಪಾಲು ಸಾಕು. ಅತಿಯಾಗಿ ಬಿಗಿದರೆ ತೊಡೆ ನಡುಗುತ್ತದೆ. ಅದು ಸ್ನಾಯು ದಣಿದದ್ದು, ಶಕ್ತಿ ಎದ್ದದ್ದಲ್ಲ. ದಿನಕ್ಕೆ 10 ಸಲ, ಒಂದೊಂದೂ 5 ಎಣಿಕೆ, ಬಿಡುವುದಕ್ಕೂ ಅಷ್ಟೇ ಹೊತ್ತು. ಬಿಡುವುದನ್ನು ಕಲಿಯದಿದ್ದರೆ ಮಲಬದ್ಧತೆ ಗಂಟುಬೀಳುತ್ತದೆ.

ಗಲ್ಲವನ್ನು ಎದೆಗೊತ್ತುವ ಜಾಲಂಧರ ಬಂಧದಲ್ಲಿ ಕತ್ತು ಬಗ್ಗಿಸಿದರೆ ಸಾಲದು, ಎದೆಯನ್ನು ಗಲ್ಲದತ್ತ ಎತ್ತಬೇಕು. ನಾನು ತಲೆ ನೇರ ಮಾಡಿದ ಮೇಲೆಯೇ ಉಸಿರು ಬಿಡುತ್ತೇನೆ. ಉಡ್ಡಿಯಾನವನ್ನು ಮೊದಮೊದಲು ಉಸಿರು ಪೂರ್ತಿ ಹೊರಹಾಕಿ, ನಿಂತು, ಕೈಗಳನ್ನು ಮಂಡಿಯ ಮೇಲೂರಿ ಕಲಿಯಬೇಕು: ಮೂರು ಸಲ, ಐದೈದು ಎಣಿಕೆ. ಮುಟ್ಟಿನ ದಿನಗಳಲ್ಲಿ ಬೇಡ.

ಭಸ್ತ್ರಿಕಾ ಮೂರು ಸುತ್ತು. ಒಂದು ಸುತ್ತಿಗೆ 20 ಉಸಿರು, ಸೆಕೆಂಡಿಗೆ ಒಂದಕ್ಕಿಂತ ವೇಗ ಬೇಡ, ಒಳಗೂ ಹೊರಗೂ ಸಮ ಬಲ. ಹೊಟ್ಟೆ ಆಡಬೇಕು, ಭುಜ ಕುಣಿಯಬಾರದು. ಕೊನೆಯಲ್ಲಿ ಬಲ ಹೊಳ್ಳೆಯಿಂದ ತುಂಬಿ, ಜಾಲಂಧರ ಕಟ್ಟಿ, ಮೂಲಬಂಧ ಸೆಳೆದು, ಹಿತವಾಗಿರುವಷ್ಟೇ ಹೊತ್ತು ನಿಲ್ಲಿಸಿ, ಎಡದಿಂದ ಬಿಡುವುದು. ಸುತ್ತುಗಳ ನಡುವೆ ಒಂದು ನಿಮಿಷ ಸಹಜ ಉಸಿರು. ಬೇಸಿಗೆಯಲ್ಲಿ, ಮುಖ್ಯವಾಗಿ ಬಳ್ಳಾರಿ, ರಾಯಚೂರಿನಂಥ ಬಿಸಿಲೂರುಗಳಲ್ಲಿ, ಒಂದೇ ಸುತ್ತು ಮಾಡಿ ಕೊನೆಗೆ ಒಂಬತ್ತು ಸಲ ಶೀತಲೀ (ಸುರುಳಿ ಮಾಡಿದ ನಾಲಿಗೆಯಿಂದ ಉಸಿರು ಎಳೆಯುವ ತಂಪಿನ ಪ್ರಾಣಾಯಾಮ) ಸೇರಿಸುವುದು ಒಳ್ಳೆಯದು. ಇದಾದ ಮೇಲೆ ಮಹಾಮುದ್ರೆ: ಎಡ ಹಿಮ್ಮಡಿ ಸೀವನಿಗೆ, ಬಲಗಾಲು ಚಾಚಿ ಹೆಬ್ಬೆರಳು ಹಿಡಿದು, ಮೊದಲು ಎಡಬದಿ, ಆಮೇಲೆ ಬಲಬದಿ, ಎರಡೂ ಮೂರು ಮೂರು ಸಲ.

ಈಗ ಧ್ಯಾನ. ಬೆನ್ನುಹುರಿಯುದ್ದಕ್ಕೂ ಇವೆ ಎನ್ನುವ ಶಕ್ತಿಯ ನೆಲೆಗಳಾದ ಆರು ಚಕ್ರಗಳಿಗೆ ಲಂ, ವಂ, ರಂ, ಯಂ, ಹಂ, ಓಂ ಎಂಬ ಬೀಜಾಕ್ಷರಗಳು ಎಲ್ಲರಿಗೂ ಗೊತ್ತು. ವೀರಶೈವ ಷಟ್‌ಸ್ಥಲ ಪರಂಪರೆ ಅದೇ ಆರು ನೆಲೆಗಳಲ್ಲಿ ಷಡಕ್ಷರಿಯನ್ನು ಇಟ್ಟಿದೆ: ಆಧಾರದಲ್ಲಿ (ಬೆನ್ನುಹುರಿಯ ಬುಡ) ನ, ಸ್ವಾಧಿಷ್ಠಾನದಲ್ಲಿ (ಕಿಬ್ಬೊಟ್ಟೆ) ಮ, ಮಣಿಪೂರಕದಲ್ಲಿ (ಹೊಕ್ಕುಳು) ಶಿ, ಅನಾಹತದಲ್ಲಿ (ಎದೆ) ವಾ, ವಿಶುದ್ಧಿಯಲ್ಲಿ (ಗಂಟಲು) ಯ, ಆಜ್ಞೆಯಲ್ಲಿ (ಹುಬ್ಬಿನ ನಡು) ಓಂ. ಇವಕ್ಕೆ ಸರಿಯಾಗಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು, ಅಂದರೆ ಸಾಧನೆಯ ಮೆಟ್ಟಿಲುಗಳು. ಚಕ್ರಗಳನ್ನು ಕಮಲಗಳಾಗಿ ಚಿತ್ರಿಸುವಾಗಿನ ದಳಗಳು 4, 6, 10, 12, 16, 2, ಕೂಡಿದರೆ 50. ನಾನು ಷಡಕ್ಷರಿಯನ್ನೇ ಹಿಡಿದಿರುವುದಕ್ಕೆ ಕಾರಣವಿದೆ. ಬಿಡಿ ಬೀಜಗಳು ಬಿಡಿಯಾಗಿಯೇ ಉಳಿಯುತ್ತವೆ. ‘ನಮಶಿವಾಯ’ ನಾಲಿಗೆಗೆ ಪಳಗಿದ ಮಾತು, ಒಂದಕ್ಷರ ಮುಂದಿನದನ್ನು ತಾನೇ ಕರೆಯುತ್ತದೆ, ಗಮನ ಬೆನ್ನುಹುರಿಯುದ್ದಕ್ಕೂ ಕಡಿಯದೆ ಏರುತ್ತದೆ.

ಕ್ರಮ ಹೀಗೆ. ಒಂದು ಉಸಿರಿಗೆ ಒಂದು ಅಕ್ಷರ. ಉಸಿರು ಬಿಡುವಾಗ ಆಯಾ ನೆಲೆಯಲ್ಲಿ ಅಕ್ಷರವನ್ನು ಮನಸ್ಸಿನಲ್ಲೇ ನುಡಿಯುವುದು, ಎಳೆಯುವಾಗ ಸುಮ್ಮನೆ ಆ ಜಾಗದಲ್ಲಿರುವುದು. ಆರು ಉಸಿರಿಗೆ ಏರಿ, ಆರು ಉಸಿರಿಗೆ ಇಳಿದರೆ ಒಂದು ಆವರ್ತ, ಹೀಗೆ ಐದು. ಇಳಿಯುವುದನ್ನು ಯಾವತ್ತೂ ಬಿಡಬಾರದು. ಹುಬ್ಬಿನ ನಡುವೆಯೇ ನಿಂತುಬಿಟ್ಟವರಿಗೆ ಹಣೆ ಭಾರವಾಗುತ್ತದೆ, ಕಣ್ಣಗುಡ್ಡೆ ನೋಯುತ್ತದೆ. ಕಣ್ಣನ್ನು ಅರಿವಿಲ್ಲದೆ ಮೇಲಕ್ಕೆ ಎಳೆದಿರುತ್ತಾರೆ. ಬಣ್ಣ, ದಳ ಕಾಣಲಿಲ್ಲವೆಂದು ಕೊರಗುವ ಅಗತ್ಯವಿಲ್ಲ. ದಳಗಳ ಚಿತ್ರ ಕುರುಹು ಮಾತ್ರ, ಬೇಕಾದದ್ದು ಅರಿವು ಆ ಜಾಗದಲ್ಲಿ ನಿಲ್ಲುವುದು. ಆವರ್ತಗಳು ಮುಗಿದ ಮೇಲೆ ಅಕ್ಷರವನ್ನೂ ಬಿಟ್ಟು ಹದಿನೈದು ನಿಮಿಷ ಮೌನ, ಬಳಿಕ ಐದು ನಿಮಿಷ ಶವಾಸನ.

ಎಲ್ಲಕ್ಕಿಂತ ಗಂಭೀರವಾಗಿ ನೋಡಬೇಕಾದದ್ದು ನಿದ್ದೆ. ಮೈ ಬಿಸಿ, ನಿದ್ದೆ ಕಡಿಮೆ, ಸಿಡುಕು ಕಂಡರೆ ಭಸ್ತ್ರಿಕಾ ಮತ್ತು ಕುಂಭಕವನ್ನು ಹದಿನೈದು ದಿನ ನಿಲ್ಲಿಸಿ, 4:8 ನಾಡೀಶೋಧನ ಮಾತ್ರ ಉಳಿಸಿಕೊಳ್ಳಬೇಕು. ಉಪವಾಸ ಬೇಡ: ಮುದ್ದೆ, ಅನ್ನ, ಮಜ್ಜಿಗೆ, ತುಪ್ಪ ಹೊಟ್ಟೆಗೆ ಬೀಳಲಿ. ಅಭ್ಯಾಸದ ಆರಂಭದಲ್ಲಿ ಹಾಲು-ತುಪ್ಪದ ಊಟವೇ ಮೇಲು ಎಂದು ಪ್ರದೀಪಿಕೆಯೂ ಹೇಳಿದೆ. ಎರಡು-ಮೂರು ರಾತ್ರಿ ನಿದ್ದೆಯೇ ಬಾರದೆ, ಮಾತು ಹೆಚ್ಚಾಗಿ, ತನಗೇನೋ ವಿಶೇಷ ಸಿದ್ಧಿಸಿದೆ ಎನಿಸತೊಡಗಿದರೆ ಎಲ್ಲವನ್ನೂ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು. ಅಂಥ ಹೊತ್ತಿನಲ್ಲಿ ‘ಇದು ಜಾಗೃತಿಯ ಲಕ್ಷಣ, ಮುಂದುವರಿಸಿ’ ಎನ್ನುವವರ ಮಾತು ಕೇಳಬೇಡಿ.

ದಿನಚರಿಯಲ್ಲಿ ನಾನು ನಾಲ್ಕೇ ಸಂಗತಿ ಬರೆದಿಡುತ್ತೇನೆ: ಅಂದಿನ ಎಣಿಕೆ, ನಿದ್ದೆಯ ಗಂಟೆ, ಹೊಟ್ಟೆ ಶುದ್ಧಿಯಾಯಿತೇ, ಅಕ್ಷರ ಎಲ್ಲಿ ಕೈತಪ್ಪಿತು. ನನ್ನ ಪುಟಗಳಲ್ಲಿ ಹೆಚ್ಚು ಸಲ ತಪ್ಪಿರುವುದು ‘ಶಿ’ಯಿಂದ ‘ವಾ’ಗೆ ಏರುವಾಗ. ಅಂಥ ದಿನ ಎದೆಗೆ ನೆಗೆಯದೆ ಹೊಕ್ಕುಳಲ್ಲೇ ಮೂರು ಉಸಿರು ಹೆಚ್ಚಿಗೆ ನಿಂತು, ಆಮೇಲೆ ಏರುತ್ತೇನೆ.